ಕೆಂದಿಯ ಗೂಟ

ಈ ಅಧ್ಯಾಯವನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ. ಸತ್ತವರ ಮೇಲೆ ಯಾಕೆ ಸಿಟ್ಟು ಎಂದು ಮನೆಯವರೆಲ್ಲ ಹೇಳುತ್ತಾರೆ, ನನ್ನ ಮಗಳೂ ಹೇಳುತ್ತಾಳೆ. ಅವರ ಮಾತಿಗೆ ಸುಮ್ಮನಿದ್ದೆ. ಆದರೆ ಹೋದ ಯುಗಾದಿಗೆ ಹುಬ್ಬಳ್ಳಿಯಿಂದ ಬಂದ ಬೀಗರೊಬ್ಬರು ನನ್ನ ಕೈಗೆ ಒಂದು ತುಪ್ಪದ ಬಾಟಲಿ ಇಟ್ಟರು. ಗಾಜಿನ ಬಾಟಲಿ, ಬಾಯಿಗೆ ಬಿಳಿ ಅರಿವೆ, ಅದಕ್ಕೊಂದು ಸೆಣಬಿನ ದಾರ. ಮೇಲೆ ಅಂಟಿಸಿದ ಚೀಟಿಯಲ್ಲಿ ‘ಬರೀ ಹುಲ್ಲು ಮೇಯ್ದ ಆಕಳ ತುಪ್ಪ, ನಮ್ಮ ಅಪ್ಪ ಹಾಕಿಕೊಟ್ಟ ದಾರಿ’ ಎಂದು ಬರೆದಿತ್ತು. ಕೆಳಗೆ ಒಂದು ಹಳೆಯ ಫೋಟೋ: ರುಮಾಲು ಸುತ್ತಿದ ನನ್ನ ದೊಡ್ಡಪ್ಪ, ಅವನ ಕೈ ಒಂದು ಕೆಂಪು ಆಕಳ ಬೆನ್ನ ಮೇಲೆ. ಚಿತ್ರದ ಎಡ ಅಂಚಿನಲ್ಲಿ, ಆಕಳ ಹಗ್ಗ ಹಿಡಿದುಕೊಂಡ ಇನ್ನೊಂದು ಕೈ ಇತ್ತು. ಮೊಣಕೈಯವರೆಗೆ ಮಾತ್ರ, ಮುಂದೆ ಮನುಷ್ಯರಿಲ್ಲ. ಕೈ ತುಂಬ ಹಸಿರು ಬಳೆ, ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ನಾನು ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ಅದು ನಮ್ಮವ್ವನ ಕೈ. ಆ ಉಗುರು ಸೀಳಿದ್ದು ನನ್ನಿಂದ. ತಪ್ಪಾಗಿ ಗುರುತಿಸುವ ಮಾತೇ ಇಲ್ಲ.

ದೊಡ್ಡಪ್ಪನ ಮಗ ಮಲ್ಲುವಿಗೆ ಆಗಲೇ ಫೋನು ಮಾಡಿದೆ. ಆ ತುಪ್ಪ ಅವನದೇ, ಆ ಆಕಳುಗಳು ಮೇಯುವ ಹೊಲವೂ ಈಗ ಅವನದೇ.

“ಮಲ್ಲೂ, ಬಾಟಲಿ ಮ್ಯಾಲಿನ ಫೋಟೋದಾಗ ಹಗ್ಗ ಹಿಡಕೊಂಡ ಕೈ ಯಾರದು ಗೊತ್ತೈತೇನು?”

“ಯಾವ ಕೈ ಅಕ್ಕಾ? ಅದರಾಗ ಕೈ ಎಲ್ಲೈತಿ?”

“ಕಣ್ಣ ಬಿಟ್ಟ ನೋಡು. ಅದು ನಮ್ಮವ್ವನ ಕೈ.”

“ಹೌದಾ? ಖರೇ ಗೊತ್ತಿದ್ದಿಲ್ಲ ನೋಡಕ್ಕಾ. ತಡಿ, ಸರಿ ಮಾಡಸ್ತೇನಿ.”

ಸರಿ ಮಾಡಿಸಿದ, ಮಹಾರಾಯ! ಶ್ರಾವಣದಲ್ಲಿ ಹೊಸ ಬಾಟಲಿಗಳು ಬಂದವು, ಒಂದನ್ನು ನನಗೇ ಕಳಿಸಿಕೊಟ್ಟ. ಹೊಸ ಚಿತ್ರದಲ್ಲಿ ಆ ಕೈಯೂ ಇರಲಿಲ್ಲ. ಆಕಳ ಕೊರಳಿನಿಂದ ಹೊರಟ ಹಗ್ಗ ಯಾರ ಹಿಡಿತವೂ ಇಲ್ಲದೆ ಗಾಳಿಯಲ್ಲಿ ನಿಂತಿತ್ತು. ಆ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಗೋಡೆಗೂಡಿನ ಕೆಳಗಿಟ್ಟಿದ್ದ ಅವ್ವನ ಟ್ರಂಕು ತೆಗೆದೆ. ಅದರಲ್ಲಿ ಇರಬೇಕಾದ ಎರಡು ವಸ್ತುಗಳೂ ಇದ್ದವು. ಇನ್ನು ಸುಮ್ಮನಿರುವುದು ನನ್ನಿಂದಾಗದು. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ನಮ್ಮ ಮನೆ ಕೆಲಗೇರಿ ದಾಟಿ ಮುಗದದ ಕಡೆಗೆ ಹೋಗುವ ದಾರಿಯಲ್ಲಿತ್ತು. ದೊಡ್ಡ ಬಾಗಿಲು ದಾಟಿದರೆ ಮೊದಲು ದನಗಳು, ಆಮೇಲೆ ಮನುಷ್ಯರು. ಎಡಕ್ಕೆ ತಗ್ಗಿನಲ್ಲಿ ಎಮ್ಮೆ, ಎತ್ತು, ಆಕಳು ಸಾಲಾಗಿ ನಿಂತಿರುತ್ತಿದ್ದವು. ಬಲಕ್ಕೆ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ನಾವು ಉಣ್ಣುವಾಗ ಅವು ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿದ್ದವು. ನನಗೆ ಅಂಜಿಕೆ ಇದ್ದದ್ದು ದನಗಳದ್ದಲ್ಲ, ನಡುಗಂಬಕ್ಕೆ ಬೆನ್ನು ಕೊಟ್ಟು ಮಣೆ ಹಾಕಿಕೊಂಡು ಕೂತಿರುತ್ತಿದ್ದ ದೊಡ್ಡಪ್ಪನದು. ಮನೆಯ ಹಿರಿಯ ಅವನೇ. ಮೊದಲು ಅವನು ಉಣ್ಣಬೇಕು, ಆಮೇಲೆ ನಮ್ಮಪ್ಪ, ಆಮೇಲೆ ಮಕ್ಕಳು, ಕಡೆಗೆ ಅಡಿಗೆಮನೆಯ ಹೊಗೆಯಲ್ಲಿ ದೊಡ್ಡವ್ವ ಮತ್ತು ನಮ್ಮವ್ವ. ಅಪ್ಪ ಅಣ್ಣನ ಎದುರು ಬಾಯಿ ತೆರೆದವನಲ್ಲ. ಹೊಲದಲ್ಲಿ ಎತ್ತುಗಳ ಜೊತೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದ, ಮನೆಗೆ ಬಂದರೆ ಮೂಕ. ಇನ್ನು ಅವ್ವ ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವ ಹಾಗೇ ಇರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತು, ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದಳು. ದೊಡ್ಡಪ್ಪನೂ ಅವಳಿಗೆ ಹೇಳಬೇಕಾದ್ದನ್ನು ನನಗೇ ಹೇಳುತ್ತಿದ್ದ. ಇಬ್ಬರೂ ಒಂದೇ ಕೋಣೆಯಲ್ಲಿ ಇರುತ್ತಿದ್ದರು, ಇಬ್ಬರಿಗೂ ಇಬ್ಬರ ಮಾತೂ ಕೇಳುತ್ತಿತ್ತು, ಆದರೂ ನಾನು ನಡುವೆ ನಿಂತು ಅದೇ ಮಾತನ್ನು ಇನ್ನೊಮ್ಮೆ ಒಪ್ಪಿಸಬೇಕಿತ್ತು. ಹೀಗಾಗಿ ಆ ಮನೆಯ ಜಗಳಗಳೆಲ್ಲ ನನ್ನ ಬಾಯಿಂದಲೇ ಹಾದುಹೋಗಿವೆ, ಒಂದೂ ಮರೆತಿಲ್ಲ.

ಅವ್ವ ಅಮ್ಮಿನಬಾವಿಯವಳು. ಮದುವೆಯಾಗಿ ಬರುವಾಗ ತವರಿನವರು ಬಳುವಳಿ ಎಂದು ಒಂದು ಕೆಂಪು ಆಕಳನ್ನು ಹಿಂದೆ ಕಟ್ಟಿ ಕಳಿಸಿದ್ದರು. ಅದರ ಮಗಳೇ ಕೆಂದಿ, ಫೋಟೋದಲ್ಲಿರುವವಳು. ಬಳುವಳಿಯ ಆಕಳೂ ಅದರ ಸಂತಾನವೂ ಸೊಸೆಯವೇ, ಗಂಡನ ಮನೆಯವರು ಅದರ ಮೇಲೆ ಹಕ್ಕು ಮಾಡುವಂತಿಲ್ಲ; ಇದು ಎಲ್ಲರಿಗೂ ಗೊತ್ತಿದ್ದ ರೂಢಿ. ನಮ್ಮ ಎರೆಹೊಲಗಳಲ್ಲಿ ಜೋಳ, ಹತ್ತಿ, ಶೇಂಗಾ ಬೆಳೆಯುತ್ತಿದ್ದರು, ಅವು ಗಂಡಸರ ಹೊಲಗಳು. ಮೇಲಿನ ಇಳಿಜಾರಿನಲ್ಲಿ ಮೂರು ಎಕರೆ ಗರಸು ನೆಲವಿತ್ತು, ನೇಗಿಲು ಇಳಿಯುತ್ತಿರಲಿಲ್ಲ, ಹುಲ್ಲೊಂದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಯಾರಿಗೂ ಬೇಡವಾದ ಆ ಹೊಲವನ್ನು ಅವ್ವನಿಗೆ ಬಿಟ್ಟರು. ಅವ್ವ ತವರಿನಲ್ಲಿ ಕಲಿತದ್ದನ್ನು ಅಲ್ಲಿ ಶುರುಮಾಡಿದಳು. ಊರವರು ದನಗಳನ್ನು ಸುಮ್ಮನೆ ಬಿಟ್ಟುಬಿಡುತ್ತಿದ್ದರು, ಅವು ಎಳೆಯದನ್ನೆಲ್ಲ ಆರಿಸಿ ತಿಂದು, ಉಳಿದದ್ದನ್ನು ತುಳಿದು, ಚಳಿಗಾಲದ ಹೊತ್ತಿಗೆ ಹೊಲ ಬೋಳಾಗುತ್ತಿತ್ತು. ಅವ್ವ ಒಂದು ಜಾಲಿಯ ಗೂಟ ಬಡಿದು, ಅದಕ್ಕೆ ಹನ್ನೆರಡು ಮೊಳದ ಹಗ್ಗ ಕಟ್ಟಿ, ಕೆಂದಿಯನ್ನು ಅಷ್ಟರಲ್ಲೇ ಮೇಯಲು ಬಿಡುತ್ತಿದ್ದಳು. ಮರುದಿನ ಗೂಟ ಕಿತ್ತು ಮುಂದೆ ಸರಿಸಬೇಕು. ಮೇಯ್ದ ದುಂಡಿಗೆ ಮತ್ತೆ ಮೊಣಕಾಲೆತ್ತರ ಹುಲ್ಲು ಬರುವ ತನಕ ಆಕಳ ಕಾಲು ತಾಗಿಸುವಂತಿಲ್ಲ. ದಿಬ್ಬದ ಮೇಲೆ ನಿಂತು ನೋಡಿದರೆ ಹೊಲದ ತುಂಬ ದುಂಡು ದುಂಡು. ನಿನ್ನೆಯದು ಬಿಳಿಚು, ಹತ್ತು ದಿನದ ಹಿಂದಿನದು ಹಸಿರು, ತಿಂಗಳ ಹಿಂದಿನದು ಗೊತ್ತೇ ಆಗದು. ವಾರ ತಿಥಿ ನಾನು ಮೊದಲು ಕಲಿತದ್ದು ಆ ದುಂಡುಗಳ ಮೇಲೆ. ಊರವರು ಅವ್ವನಿಗೆ ‘ಗೂಟದ ಗಂಗವ್ವ’ ಎಂದು ಹೆಸರಿಟ್ಟರು. ಆ ಹೆಸರನ್ನು ಊರ ಬಾಯಿಗೆ ಹಾಕಿದವನು ದೊಡ್ಡಪ್ಪನೇ ಎಂದು ನನಗೆ ಗೊತ್ತು.

ಅವ್ವ ಮರದ ಕೊಡತಿಯಿಂದ ಬಡಿಯುವಾಗ ಗೂಟ ಹಿಡಿದು ನಿಲ್ಲುವುದು ನನ್ನ ಕೆಲಸ. ಒಂದು ಮುಂಜಾನೆ ಒಂದು ನವಿಲು ಓಡಿತು ಅಂತ ನಾನು ತಿರುಗಿದೆ, ಗೂಟ ವಾಲಿತು, ಅದನ್ನು ಹಿಡಿಯಲು ಕೈ ಚಾಚಿದ ಅವ್ವ ತನ್ನ ಹೆಬ್ಬೆರಳಿನ ಮೇಲೇ ಕೊಡತಿ ಹಾಕಿಕೊಂಡಳು. ಉಗುರು ಎರಡು ಹೋಳಾಯಿತು. ನಾನು ಅಳಲು ಶುರುಮಾಡಿದರೆ ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು,

“ನಿನ್ನ ಕೈ ಮ್ಯಾಲೆ ಬೀಳಲಿಲ್ಲಲ್ಲ, ಸಾಕು ಬಿಡು. ಅಳಬ್ಯಾಡ, ಗೂಟ ನೆಟ್ಟಗ ಹಿಡಿ,” ಎಂದಳು.

ಆ ಉಗುರು ಮುಂದೆ ಯಾವತ್ತೂ ಕೂಡಿ ಬೆಳೆಯಲಿಲ್ಲ. ನನಗೆ ಎಂಟು ತುಂಬಿದ ಮೇಲೆ ಒಬ್ಬಳೇ ಗೂಟ ಸರಿಸುವುದನ್ನು ಕಲಿಸಿದಳು. ಕೊಡತಿ ಎತ್ತಲಾಗದೆ ನಾನು ಕಲ್ಲಿನಿಂದ ಬಡಿಯುತ್ತಿದ್ದೆ. ಕೆಂದಿ ಸಾಧು ಪ್ರಾಣಿ, ಎಳೆದುಕೊಂಡು ಹೋಗುವ ಜಾತಿಯಲ್ಲ, ನನ್ನ ಗೂಟ ಅವಳಿಗೆ ಸಾಕಾಗುತ್ತಿತ್ತು.

ದೊಡ್ಡಪ್ಪನ ಎಮ್ಮೆಗಳಿಗೆ ಹತ್ತಿಕಾಳು, ಹಿಂಡಿ ಹಾಕುತ್ತಿದ್ದರು, ಬೆಣ್ಣೆ ಗಟ್ಟಿಯಾಗಿ ಬೆಳ್ಳಗೆ ಇರುತ್ತಿತ್ತು. ಆ ಮನೆಯಲ್ಲಿ ಬೆಣ್ಣೆ ಅಂದರೆ ಅದು ಬಿಳಿಯೇ. ಕೆಂದಿ ಕರು ಹಾಕಿದ ಮೇಲೆ ಅವ್ವ ಮೊದಲ ಸಲ ಅವಳ ಮೊಸರು ಕಡೆದು ತೆಗೆದ ಬೆಣ್ಣೆ ಹಳದಿ ಬಂತು. ಮುಂಗಾರಿನ ಹುಲ್ಲು ಮೇಯ್ದ ಆಕಳ ಬೆಣ್ಣೆ ಹಾಗೇ ಇರುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯದ ಮೇಲೆ ಒಂದು ಉಂಡೆಯಿಟ್ಟು ನಾನು ಒಯ್ದು ಬಡಿಸಿದೆ. ದೊಡ್ಡಪ್ಪ ತಾಟನ್ನೇ ನೋಡುತ್ತ ಕೂತ.

“ಏನಿದು? ಬೆಣ್ಣಿಗೆ ಅರಿಶಿಣ ಹಾಕ್ಯಾರೇನು? ಪಾರೂ, ಯಾರಿಗೆ ತೋರ್ಸಾಕ ಈ ಬಣ್ಣ ಅಂತ ನಿಮ್ಮವ್ವನ ಕೇಳು.”

ಬಾಗಿಲ ಮರೆಯಿಂದ ಅವ್ವ, “ಹುಲ್ಲ ತಿಂದ ಆಕಳ ಬೆಣ್ಣಿ ಹಿಂಗ ಇರತೈತಿ ಅಂತ ನಿಮ್ಮ ದೊಡ್ಡಪ್ಪಾರಿಗೆ ಹೇಳವಾ,” ಎಂದಳು. ನಾನು ಹೇಳಿದೆ.

“ನಾ ಹುಟ್ಟಿದಾಗಿಂದ ಬೆಣ್ಣಿ ತಿನ್ನಾಕತ್ತೇನಿ. ನನಗ ಕಲಸಾಕ ಬಂದಾಳ ಅಮ್ಮಿನಬಾವಿಯಾಕಿ! ತೊಳದ ತೋರ್ಸು ಅನ್ನು.”

ಅವ್ವ ಬಟ್ಟಲಲ್ಲಿ ನೀರು ತಂದು, ಎಲ್ಲರೂ ನೋಡುತ್ತಿರುವಾಗ, ಆ ಉಂಡೆಯನ್ನು ಮೂರು ಸಲ ತೊಳೆದಳು. ಬೆಣ್ಣೆ ಹಳದಿಯೇ ಉಳಿಯಿತು, ನೀರು ತಿಳಿಯಾಗೇ ಇತ್ತು. ನನಗೋ ಗೆದ್ದೆವು ಅಂತ ಹಿಗ್ಗು. ದೊಡ್ಡಪ್ಪ ನೀರನ್ನೂ ನೋಡಿದ, ಬೆಣ್ಣೆಯನ್ನೂ ನೋಡಿದ, ಆಮೇಲೆ ಅರಿಶಿಣ ಒಳಗೇ ಕೂತಿದೆ ಅಂದ! ತಾಟು ಸರಿಸಿ ಎದ್ದುಹೋದ. ಮೋಸಗಾತಿಯ ಬೆಣ್ಣೆ ಇನ್ನು ಮುಂದೆ ಪಡಸಾಲೆಗೆ ಬರಕೂಡದೆಂದು ಅಪ್ಪಣೆಯಾಯಿತು. ಅಪ್ಪ ತಲೆ ಎತ್ತದೆ ತನ್ನ ರೊಟ್ಟಿ ಮುಗಿಸಿದ. ಅವ್ವ ಆ ದಿನ ಊಟ ಮಾಡಲಿಲ್ಲ. ಮರುದಿನದಿಂದ ಆ ಬೆಣ್ಣೆಯನ್ನು ನನ್ನ ಸಾಲಿಯ ಡಬ್ಬಿಗೆ ಹಾಕತೊಡಗಿದಳು.

ಆ ಡಬ್ಬಿಯಿಂದಲೇ ಎಲ್ಲ ಬದಲಾಯಿತು. ನಾನು ಧಾರವಾಡದಲ್ಲಿ ಒಂದು ಮಿಷನ್ ಸಾಲಿಗೆ ಹೋಗುತ್ತಿದ್ದೆ. ನಮಗೆ ಕಲಿಸುತ್ತಿದ್ದ ಅಕ್ಕೋರು ಕ್ರೈಸ್ತರು, ಚರ್ಚಿನ ಕಂಪೌಂಡಿನಲ್ಲೇ ಇರುತ್ತಿದ್ದರು, ಬಿಳಿ ಸೀರೆ, ಗಟ್ಟಿ ದನಿ. ಊಟದ ಬಿಡುವಿನಲ್ಲಿ ನನ್ನ ಡಬ್ಬಿಯ ಮೇಲೆ ಅವರ ಕಣ್ಣು ಬಿತ್ತು. ಒಂದು ಚೂರು ರೊಟ್ಟಿ ಕೇಳಿ ತಿಂದರು, ತಿಂದು ಕಣ್ಣು ಮುಚ್ಚಿದರು. ಆ ಶನಿವಾರ ಸಾಲಿ ಬಿಟ್ಟ ಮೇಲೆ ನನ್ನ ಜೊತೆಗೇ ಬಸ್ ಹತ್ತಿ ನಮ್ಮ ಮನೆಗೆ ಬಂದರು. ಹೊಲಕ್ಕೆ ಹೋಗಿ ದುಂಡುಗಳನ್ನು ನೋಡಿದರು, ಗೂಟ ಮುಟ್ಟಿ ನೋಡಿದರು, ತಿರುಗಿ ಬಂದು ಪಡಸಾಲೆಯಲ್ಲಿ ಗಂಡಸರ ಎದುರಿಗೇ,

“ಗಂಗವ್ವಾರ, ಇಂಥಾ ಬೆಣ್ಣಿ ನಮ್ಮಜ್ಜಿ ಕೈಯಾಗ ತಿಂದಿದ್ದೆ ನೋಡ್ರಿ, ಆಮ್ಯಾಲ ಇವತ್ತ ತಿಂದೆ. ನಿಮ್ಮಂಥಾಕಿ ಇರೋದು ಈ ಮನಿ ಪುಣ್ಯೇ,” ಎಂದರು.

ದೊಡ್ಡಪ್ಪನ ಮುಖ ನೋಡಬೇಕಿತ್ತು. ನಾನಂತೂ ಕಣ್ತುಂಬ ನೋಡಿದೆ. ಮುಂದೆ ಕಂಪೌಂಡಿನ ಇನ್ನೂ ನಾಲ್ಕು ಮನೆಯವರು ಬೆಣ್ಣೆಗೆ ಬರತೊಡಗಿದರು. ಕೆಲಗೇರಿಯಲ್ಲಿ ಬಸ್ಸಿಳಿದು ‘ಗಂಗವ್ವಾರ ಮನಿ ಎಲ್ಲೈತ್ರಿ’ ಎಂದು ಕೇಳಿಕೊಂಡು ಬರುತ್ತಿದ್ದರು. ಒಮ್ಮೆ ಒಬ್ಬ ಮುದುಕರು ಕಟ್ಟೆಯ ಮೇಲೆ ಬರಿಮೈಯಲ್ಲಿ ಕೂತಿದ್ದ ದೊಡ್ಡಪ್ಪನನ್ನು ಕಂಡು, “ಗಂಗವ್ವಾರಿಗೆ ಸ್ವಲ್ಪ ಕರೀತೀರೇನ್ರಿ? ನೀವು ಅವರ ಕಡೆ ಕೆಲಸಕ್ಕ ಇದ್ದೀರೇನು?” ಎಂದುಬಿಟ್ಟರು. ನಾನೂ ಅವ್ವನೂ ಅಡಿಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು. ನಗಬಾರದಿತ್ತೇನೋ. ಆ ನಗು ಹೊರಗೆ ಕೇಳಿತ್ತು.

ಫೋಟೋ ತೆಗೆದದ್ದು ಆ ಬೇಸಿಗೆಯಲ್ಲಿ. ಅಕ್ಕೋರು ತಮ್ಮನ ಕ್ಯಾಮೆರಾ ತಂದು, ಕೆಂದಿಯ ಜೊತೆ ನಿಲ್ಲಲು ಅವ್ವನಿಗೆ ಹೇಳಿದರು. ಅವ್ವ ಹಗ್ಗ ಹಿಡಿದು ನಿಂತಳು. ಅಷ್ಟರಲ್ಲಿ ದೊಡ್ಡಪ್ಪ ರುಮಾಲು ಸುತ್ತಿಕೊಳ್ಳುತ್ತ ಒಳಗಿನಿಂದ ಬಂದು, ಹೇಳದೆ ಕೇಳದೆ ಆಕಳ ಬೆನ್ನ ಮೇಲೆ ಕೈಯಿಟ್ಟ. ಬಳುವಳಿಯ ಆಕಳ ಮೈಯನ್ನು ಅವನು ಒಂದು ದಿನವೂ ತೊಳೆದವನಲ್ಲ.

“ಪಾರೂ, ನಿಮ್ಮವ್ವಗ ಸ್ವಲ್ಪ ಅತ್ತಾಗ ಸರಿ ಅಂತ ಹೇಳು.”

ಅವ್ವ ಸರಿದಳು, ಆದರೆ ಹಗ್ಗ ಬಿಡಲಿಲ್ಲ. ಅಕ್ಕೋರು ಎರಡು ಹೆಜ್ಜೆ ಹಿಂದೆ ಹೋಗಿ, ಮೂವರನ್ನೂ ಸೇರಿಸಿ ತೆಗೆದರು. ಎರಡು ಪ್ರತಿ ಮಾಡಿಸಿ ಒಂದನ್ನು ದೊಡ್ಡಪ್ಪನಿಗೆ, ಒಂದನ್ನು ಅವ್ವನಿಗೆ ಕೊಟ್ಟರು. ದೊಡ್ಡಪ್ಪ ತನ್ನದನ್ನು ಕತ್ತರಿ ತೆಗೆದುಕೊಂಡು ಅವ್ವನಿಲ್ಲದ ಹಾಗೆ ಕತ್ತರಿಸಿದ. ಹಗ್ಗ ಹಿಡಿದ ಕೈ ಕೆಂದಿಯ ಮೂತಿಗೆ ತೀರ ಹತ್ತಿರವಿತ್ತು, ಅದನ್ನು ತೆಗೆದರೆ ಆಕಳ ಮೂತಿಯೂ ಹೋಗುತ್ತದೆ, ಹಾಗಾಗಿ ಕೈ ಉಳಿಯಿತು. ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ. ಅವ್ವ ಅದನ್ನು ಒಂದು ಸಲ ನೋಡಿದಳು, ಮತ್ತೆ ನೋಡಲಿಲ್ಲ.

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಅವ್ವ ನಾಲ್ಕು ದಿನಕ್ಕೆಂದು ಅಮ್ಮಿನಬಾವಿಗೆ ಹೊರಟಳು. ಕೆಂದಿಗಾಗಿ ನನ್ನನ್ನು ಬಿಟ್ಟುಹೋದಳು. ಆ ವರ್ಷ ಮಳೆ ನಡುವೆ ನಿಂತುಹೋಗಿ, ಹುಲ್ಲಿನ ಹೊಲದ ಕೆಳಗಿನ ಜೋಳ ಮೊಣಕಾಲೆತ್ತರಕ್ಕೇ ನಿಂತು ಬಾಡಿತ್ತು. ಚಕ್ಕಡಿ ಹತ್ತುವ ಮೊದಲು ಅವ್ವ ನನ್ನ ಗದ್ದ ಹಿಡಿದು ಹೇಳಿದಳು:

“ಬೇವಿನ ಗಿಡದ ಮ್ಯಾಲಿನ ಬಾಜೂಕ ಗೂಟ ಹೊಡಿ. ಕೆಳಗ ಜೋಳದ ಕಡೆ ಒಂದು ಮಾರೂ ಹೋಗಬ್ಯಾಡ. ಬಾಡಿದ ಎಳಿ ಜೋಳ ದನಕ್ಕ ವಿಷ ಐತಿ, ತಿಳೀತಿಲ್ಲೋ?”

ತಿಳಿದಿತ್ತು. ಒಕ್ಕಲುತನದ ಮನೆಯಲ್ಲಿ ಇದು ಕೂಸಿಗೂ ಗೊತ್ತಿರುವ ಮಾತು. ಪಂಚಮಿಯ ದಿನ ಮುಂಜಾನೆ ಬೇವಿನ ಗಿಡದ ಮೇಲುಗಡೆ ಗೂಟ ಬಡಿದು, ಕೆಂದಿಯನ್ನು ಕಟ್ಟಿ, ನಾನು ಜೋಕಾಲಿ ಆಡಲು ಹೋದೆ. ಅಳ್ಳಿಟ್ಟಿನ ಉಂಡಿ ಕೈಯಲ್ಲಿ ಹಿಡಿದುಕೊಂಡು ಮಧ್ಯಾಹ್ನ ತಿರುಗಿ ಬಂದರೆ ಬೇವಿನ ಗಿಡದ ಹತ್ತಿರ ಕೆಂದಿ ಇಲ್ಲ. ಕೆಳಗೆ ಜೋಳದ ಒಡ್ಡಿನ ಮೇಲೆ ಬಿದ್ದಿದ್ದಳು. ಹೊಟ್ಟೆ ಉಬ್ಬಿತ್ತು, ಬಾಯಲ್ಲಿ ನೊರೆ, ಕಾಲು ಸೆಟೆದಿದ್ದವು. ಸುತ್ತಲಿನ ಜೋಳ ಹನ್ನೆರಡು ಮೊಳದ ದುಂಡಿಗೆ ತಿಂದುಹೋಗಿತ್ತು. ಗೂಟ ಒಡ್ಡಿನಲ್ಲಿತ್ತು. ದೊಡ್ಡಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

“ನೋಡು ಏನ ಮಾಡಿದಿ! ಜೋಳದಾಗ ಗೂಟ ಹೊಡದ್ಯಲ್ಲ, ನಿಮ್ಮವ್ವನ ಆಕಳಾ ಕೊಂದ್ಯಲ್ಲ!”

“ನಾ ಇಲ್ಲಿ ಹೊಡದಿಲ್ರೀ ದೊಡ್ಡಪ್ಪಾ. ಬೇವಿನ ಗಿಡದ ಹತ್ರ ಹೊಡದಿದ್ದೆ.”

“ಸುಳ್ಳ ಬ್ಯಾರೆ ಹೇಳತಿ? ನೀ ಸಣ್ಣಾಕಿ, ಜೋಕಾಲಿ ಗದ್ದಲದಾಗ ನಿನಗ ನೆನಪಿಲ್ಲ.”

ಮನೆಯಲ್ಲೂ ಅದನ್ನೇ ಹೇಳಿದ, ಓಣಿಯಲ್ಲೂ ಅದನ್ನೇ ಹೇಳಿದ. ಅಪ್ಪ ನನ್ನ ಕಪಾಳಕ್ಕೆ ಹೊಡೆದ, ಜೀವನದಲ್ಲಿ ಒಂದೇ ಸಲ. ದೊಡ್ಡವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ನಾನು ಅವಳನ್ನು ನೋಡಿದೆ, ಅವಳು ಸೆರಗು ಮುಖದ ಮೇಲೆ ಎಳೆದುಕೊಂಡು ಒಳಗೆ ಹೋದಳು. ಎರಡನೆಯ ದಿನ ನನಗೆ ಅನುಮಾನ ಶುರುವಾಯಿತು. ಬೇವಿನ ಗಿಡದ ಹತ್ತಿರ ಹೊಡೆದದ್ದು ನಿನ್ನೆಯೋ ಮೊನ್ನೆಯೋ? ಮೂರನೆಯ ದಿನ ಕಣ್ಣು ಮುಚ್ಚಿದರೆ ನನ್ನ ಕೈಗಳೇ ಕಲ್ಲು ಎತ್ತಿ ಜೋಳದ ಒಡ್ಡಿನಲ್ಲಿ ಗೂಟ ಬಡಿಯುವುದು ಕಾಣತೊಡಗಿತು. ಆಕಳನ್ನು ಕೊಂದದ್ದನ್ನು ಬೇಕಾದರೆ ಒಂದು ಕಡೆ ಇಡುತ್ತೇನೆ. ತಾನು ಮಾಡಿದ ಕೆಲಸವನ್ನು ಒಂಬತ್ತು ವರ್ಷದ ಮಗುವಿನ ನೆನಪಿನೊಳಗೆ ತುರುಕಿದನಲ್ಲ, ಅದನ್ನು ನಾನು ಸಾಯುವ ತನಕ ಕ್ಷಮಿಸುವುದಿಲ್ಲ. ಅವನು ಎಲ್ಲಿದ್ದರೂ ಅವನಿಗೆ ಇದು ಕೇಳಲಿ.

ನಾಲ್ಕನೆಯ ದಿನ ಅವ್ವ ಬಂದಳು. ದೊಡ್ಡಪ್ಪ ಕಟ್ಟೆಯ ಮೇಲಿಂದಲೇ, ಯಾರಿಗೋ ಹೇಳುವ ಹಾಗೆ, ಎಲ್ಲ ಹೇಳಿದ. ಅವ್ವ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಗಂಟು ಕೆಳಗಿಟ್ಟು, ನನ್ನ ಕೈ ಹಿಡಿದುಕೊಂಡು ನೇರ ಹೊಲಕ್ಕೆ ನಡೆದಳು. ಹಗ್ಗ ಬಿಚ್ಚಿ ಒಯ್ದಿದ್ದರು, ಗೂಟ ಅಲ್ಲೇ ಇತ್ತು. ಅವ್ವ ಅದನ್ನು ಹಿಡಿದು ಅಲುಗಿಸಿದಳು, ಜಗ್ಗಲಿಲ್ಲ. ನನಗೆ ಕೀಳಲು ಹೇಳಿದಳು. ಎರಡೂ ಕೈ ಹಾಕಿ, ಕಾಲು ಕೊಟ್ಟು ಎಳೆದೆ, ಆಗಲಿಲ್ಲ. ಆಮೇಲೆ ದಿನಾಲೂ ಹೊಡೆಯುವ ಹಾಗೆ ಬಾಜೂಕ ಇನ್ನೊಂದು ಗೂಟ ಹೊಡಿ ಎಂದಳು. ನಾನು ಬೇವಿನ ಗಿಡದ ಕೆಳಗೆ ಬಿದ್ದಿದ್ದ ಬೇರೊಂದು ಗೂಟ ತಂದು, ಕಲ್ಲಿನಿಂದ, ಕೈ ಸೋಲುವ ತನಕ ಬಡಿದೆ. ಅವ್ವ ಅದನ್ನು ಒಂದೇ ಕೈಯಲ್ಲಿ ಕಿತ್ತು ನನ್ನ ಮುಖದ ಮುಂದೆ ಹಿಡಿದಳು.

“ನೋಡು. ಇದು ನಿನ್ನ ಗೂಟ. ಅದು ನಿನ್ನ ಗೂಟ ಅಲ್ಲ. ತಿಳೀತಾ? ಯಾರ ಏನ ಅಂದ್ರೂ, ಅದು ನಿನ್ನ ಗೂಟ ಅಲ್ಲ.”

ಆಗ ನಾನು ಅತ್ತೆ. ಮೂರು ದಿನದ್ದೆಲ್ಲ ಅತ್ತೆ. ಇಷ್ಟು ವರ್ಷದಲ್ಲಿ ಯಾರಾದರೂ ನನಗೆ ‘ನಿನಗೆ ನೆನಪಿಲ್ಲ’ ಅಂದಾಗಲೆಲ್ಲ ನಾನು ತಲೆ ತಗ್ಗಿಸದೆ ನಿಂತದ್ದು ಆ ಮಾತಿನ ಬಲದ ಮೇಲೆ. ಅವ್ವ ಕುಡುಗೋಲಿನಿಂದ ಮಣ್ಣು ಕೆದಕಿ ಆ ಗೂಟವನ್ನು ಹೊರತೆಗೆದಳು. ಅದರ ತಲೆಯಲ್ಲಿ, ನನ್ನ ಕಲ್ಲಿನ ಸಣ್ಣ ಗುರುತುಗಳ ಮೇಲೆ, ಚೌಕಾಕಾರದ ಆಳವಾದ ಹೊಸ ಕಚ್ಚು ಇತ್ತು. ಕೊಡಲಿಯ ಹಿಂಭಾಗದಿಂದ ಬಡಿದರೆ ಬೀಳುವ ಕಚ್ಚು. ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಅಪ್ಪನಿಗೆ ತೋರಿಸಿದಳು. ಅಪ್ಪ, “ಸತ್ತ ಆಕಳಕ್ಕ ಜೀವ ಬರತೈತೇನು? ಸುಮ್ಕಿರು,” ಎಂದ. ಅವ್ವ ಸುಮ್ಮನಾದಳೆಂದು ಅವನೂ ತಿಳಿದ, ನಾನೂ ತಿಳಿದೆ.

ದೀಪಾವಳಿಯ ಪಾಡ್ಯದ ದಿನ ನಮ್ಮಲ್ಲಿ ಸೆಗಣಿಯಿಂದ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಕ್ಕಿಸಿ, ದನ ಕಟ್ಟುವ ಜಾಗದಲ್ಲಿ ಸಾಲಾಗಿ ಇಡುತ್ತಾರೆ. ಹೆಣ್ಣುಮಕ್ಕಳು ಮಾಡಬೇಕು, ಮನೆಯ ಹಿರಿಯ ಕಾಯಿ ಒಡೆದು ಹಣೆ ಹಚ್ಚಿ ನಮಸ್ಕಾರ ಮಾಡಬೇಕು. ಓಣಿಯವರೆಲ್ಲ ಬಂದು ನಿಂತಿರುತ್ತಾರೆ. ಆ ವರ್ಷ ಅವ್ವ ಐದು ಪಾಂಡವರನ್ನು ಮಾಡಿ, ಅವರ ಪಕ್ಕದಲ್ಲಿ ಆರನೆಯದಾಗಿ ಆ ಗೂಟವನ್ನು ನಿಲ್ಲಿಸಿದ್ದಳು. ಗೂಟಕ್ಕೆ ಬುಡದಿಂದ ತಲೆಯವರೆಗೂ ದಪ್ಪಗೆ ಅರಿಶಿಣ ಹಚ್ಚಿದ್ದಳು. ಕಚ್ಚಿನಲ್ಲಿ ಒಂದು ಚೆಂಡುಹೂವು. ಕಾಯಿ ಹಿಡಿದು ಬಂದ ದೊಡ್ಡಪ್ಪ ನಿಂತುಬಿಟ್ಟ.

“ಪಾರೂ, ಏನಿದು ಅಂತ ನಿಮ್ಮವ್ವನ ಕೇಳು.”

ನಾನು ಕೇಳಲು ಬಾಯಿ ತೆರೆಯುವ ಮೊದಲೇ ಅವ್ವ ಬಾಗಿಲ ಮರೆಯಿಂದ ಹೊರಗೆ ಬಂದಳು. ಅವನ ಮುಖವನ್ನೇ ನೋಡುತ್ತ, ಅವನ ಜೊತೆಗೇ ಮಾತಾಡಿದಳು. ಅದೇ ಮೊದಲು, ಅದೇ ಕೊನೆ.

“ನಮ್ಮ ಕೆಂದಿ ಗೂಟ ರೀ ಭಾವಾರ. ಅಕಿ ಸತ್ತ ಜಾಗಾದಿಂದ ಕಿತ್ತ ತಂದೇನಿ. ಕೀಳಾಕ ನನಗ ಭಾಳ ತ್ರಾಸ ಆತು, ಯಾರೋ ಗಟ್ಟಿ ಕೈಯಾವ್ರು ಹೊಡದಾರ. ನಮಸ್ಕಾರ ಮಾಡ್ರಿ.”

ಓಣಿಯವರು ನೋಡುತ್ತಿದ್ದರು. ಯಾಕೆ ಮಾಡುವುದಿಲ್ಲ ಎಂದು ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ದೊಡ್ಡಪ್ಪ ಬಗ್ಗಿದ. ಆ ಮನೆಯಲ್ಲಿ ಅವ್ವ ಇದ್ದಷ್ಟು ವರ್ಷ, ಪ್ರತಿ ಪಾಡ್ಯಕ್ಕೂ ಬಗ್ಗಿದ. ದಿನದ ಊಟದಲ್ಲೂ ಅವ್ವ ಅವನನ್ನು ಬಿಡಲಿಲ್ಲ. ಮುಂದೆ ಅವ್ವ ಕೆಂದಿಯ ಮಗಳ ಬೆಣ್ಣೆ ಕಡೆಯತೊಡಗಿ, ಊರೆಲ್ಲ ಆ ಹಳದಿ ಬೆಣ್ಣೆಯನ್ನು ಹೊಗಳುವ ಕಾಲಕ್ಕೆ ಅವನಿಗೂ ಬಾಯಲ್ಲಿ ನೀರೂರಿತು, ತಾಟಿಗೆ ಹಾಕು ಎಂದು ನನ್ನ ಕಡೆಯಿಂದ ಹೇಳಿಸಿದ. ಒಳಗಿನಿಂದ ಉತ್ತರ ಬಂತು: “ಅವರಿಗೆ ಅರಿಶಿಣ ಆಗಿಬರಂಗಿಲ್ಲ ಅಂತ ಹೇಳವಾ.” ಕಡೆಯತನಕ ಬಿಳಿ ಬೆಣ್ಣೆಯನ್ನೇ ತಿನ್ನಿಸಿದಳು.

ಅವನ ಸೇಡು ದೊಡ್ಡದಾಗಿತ್ತು. ಮನೆ ಪಾಲಾದಾಗ, ಯಾರಿಗೂ ಬೇಡವಾಗಿದ್ದ ಆ ಹುಲ್ಲಿನ ಹೊಲವನ್ನೇ ಹಟ ಹಿಡಿದು ತನ್ನ ಪಾಲಿಗೆ ಹಾಕಿಸಿಕೊಂಡ. ಅಪ್ಪ ತಲೆಯಾಡಿಸಿದ. ಅವ್ವ ಕೆಂದಿಯ ಮಗಳ ಹಗ್ಗ ಒಂದು ಕೈಯಲ್ಲಿ, ಗೂಟ ಇನ್ನೊಂದು ಕೈಯಲ್ಲಿ ಹಿಡಿದು ಆ ಬಾಗಿಲು ದಾಟಿದಳು. ಮತ್ತೆ ಆ ಇಳಿಜಾರನ್ನು ಹತ್ತಲಿಲ್ಲ. ಎಂಬತ್ತು ದಾಟಿ ಸತ್ತಳು. ಬಸ್ಸಿನಲ್ಲಿ ಆ ದಾರಿಯಲ್ಲಿ ಹೋಗುವಾಗಲೆಲ್ಲ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು.

ಈ ವರ್ಷದ ದೀಪಾವಳಿಗೆ ಎಂಟು ದಿನ ಇರುವಾಗ ಮಲ್ಲು ಫೋನು ಮಾಡಿದ. ತುಪ್ಪದ ಗಿರಾಕಿಗಳು ಹುಬ್ಬಳ್ಳಿಯಿಂದ ಹೊಲದ ಮನೆಯ ಪಾಡ್ಯ ನೋಡಲು ಬರುತ್ತಾರಂತೆ.

“ಅಕ್ಕಾ, ಪಾಂಡವರನ್ನ ಮಾಡಾಕ ನಮ್ಮನ್ಯಾಗ ಯಾರಿಗೂ ಬರಂಗಿಲ್ಲ. ಮನಿ ಮಗಳು, ನೀನ ಬಂದು ಮಾಡಿಕೊಡು.”

“ಬರತೇನಿ ತಗೊ, ತಪ್ಪಿಸಂಗಿಲ್ಲ,” ಎಂದೆ.

ಚೀಲದಲ್ಲಿ ಗೂಟ, ಅವ್ವನ ಪಾಲಿನ ಇಡೀ ಫೋಟೋ, ಒಂದು ಪೊಟ್ಟಣ ಅರಿಶಿಣ ಹಾಕಿಕೊಂಡು ಹೋದೆ. ಹಳೆಯ ಮನೆಗೆ ಹೆಂಚು ಹೋಗಿ ಸ್ಲ್ಯಾಬ್ ಬಂದಿದೆ, ಆದರೆ ತಗ್ಗಿನಲ್ಲಿ ಆಕಳುಗಳು ಹಾಗೇ ಇದ್ದವು. ಮೇಲಿನ ಹೊಲದಲ್ಲಿ ಗೂಟಗಳ ಬದಲು ದಿನಾ ಸರಿಸುವ ತಂತಿ ಬೇಲಿ. ಮಲ್ಲು ಅದನ್ನು ತೋರಿಸುತ್ತ ಎಲ್ಲ ಅಪ್ಪನ ತಲೆ ಎಂದು ಇಪ್ಪತ್ತು ಮಂದಿಗೆ ವಿವರಿಸುತ್ತಿದ್ದ. ತೊಂಬತ್ತರ ಹತ್ತಿರದ ದೊಡ್ಡವ್ವ ಬಿಸಿಲಿನಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ನಾನು ಐದು ಪಾಂಡವರನ್ನು ಮಾಡಿದೆ, ಹೂವು ಸಿಕ್ಕಿಸಿದೆ. ಗೂಟಕ್ಕೆ ಅರಿಶಿಣ ಹಚ್ಚಿ ಆರನೆಯದಾಗಿ ನಿಲ್ಲಿಸಿ, ಅದಕ್ಕೆ ಆನಿಸಿ ಫೋಟೋ ಇಟ್ಟೆ. ಕಾಯಿ ಹಿಡಿದು ಬಂದ ಮಲ್ಲು ಅವನಪ್ಪ ನಿಂತ ಜಾಗದಲ್ಲೇ ನಿಂತ. ಏನು ಇದು ಎಂದು ಕೇಳಿದ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ಹೊಲ ಯಾರು ಮಾಡಿದ್ದು, ಬೆಣ್ಣೆ ಯಾರದು, ಬಾಟಲಿಯಿಂದ ಅಳಿಸಿದ ಕೈ ಯಾರದು, ಕೆಂದಿಯನ್ನು ಜೋಳಕ್ಕೆ ಕಟ್ಟಿದವರು ಯಾರು. ಗಿರಾಕಿಗಳಲ್ಲಿ ಒಬ್ಬಾಕೆ ಬಗ್ಗಿ ಫೋಟೋದಲ್ಲಿನ ಹೆಬ್ಬೆರಳನ್ನು ನೋಡಿದಳು. ಮಲ್ಲುವಿನ ಮುಖ ಕೆಂಪಾಯಿತು.

“ಹಬ್ಬದ ದಿನ ಏನಕ್ಕಾ ಇದು? ಅಪ್ಪ ಅಂಥಾ ಕೆಲಸ ಮಾಡಾಂವ ಅಲ್ಲ. ನೀ ಆವಾಗ ಸಣ್ಣಾಕಿ, ನಿನಗ ನೆನಪಿಲ್ಲ.”

ಅಪ್ಪನ ಮಾತನ್ನೇ ಮಗ ಆಡಿದ. ನಾನು ಗೂಟದ ತಲೆಯ ಕಚ್ಚು ತೋರಿಸಲು ಬಗ್ಗುತ್ತಿದ್ದೆ, ಅಷ್ಟರಲ್ಲಿ ಕುರ್ಚಿಯಿಂದ ದನಿ ಬಂತು.

“ಅಕಿಗೆ ನೆನಪೈತಿ.”

ಎಲ್ಲರೂ ತಿರುಗಿದರು. ದೊಡ್ಡವ್ವ ನನ್ನನ್ನು ನೋಡಲಿಲ್ಲ, ಗೂಟವನ್ನೇ ನೋಡುತ್ತಿದ್ದಳು.

“ಗೂಟ ಹೊಡೀಬೇಕು, ಕೊಡ್ಲಿ ಕೊಡು ಅಂದ್ರು. ನಾನ ಎತ್ತಿ ಕೊಟ್ಟೆ. ಆಮ್ಯಾಲ ಈ ಹುಡುಗಿಗೆ ಹೊಡದ್ರು, ನಾ ಒಳಗ ಹೋದೆ. ನಮಸ್ಕಾರ ಮಾಡೋ ಮಲ್ಲೂ.”

ಅವಳ ಮೇಲೆ ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ಐವತ್ತು ವರ್ಷ ತಡ ಮಾಡಿದೆಯಲ್ಲ ಮುದುಕಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ಕೂಗಿ ನಗಬೇಕು ಅನ್ನಿಸಿತು. ಮಲ್ಲು ತಾಯಿಯ ಕಡೆ ನೋಡಿದ, ಗಿರಾಕಿಗಳ ಕಡೆ ನೋಡಿದ, ಅವರಲ್ಲಿ ಒಬ್ಬರೂ ಅವನ ಕಡೆ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಫೋಟೋದಲ್ಲಿನ ಅವ್ವನ ಮೇಲಿತ್ತು. ಅವನು ಕಾಯಿ ಒಡೆದ. ಮೊಣಕಾಲೂರಿದ, ಕೈ ಮುಗಿದ, ಬಗ್ಗಿದ. ನಾನು ಪಕ್ಕಕ್ಕೆ ಸರಿಯಲಿಲ್ಲ. ಹಣೆ ನೆಲಕ್ಕೆ ಮುಟ್ಟಿತೋ ಇಲ್ಲವೋ ಎಂದು ಬಗ್ಗಿ ನೋಡಿದೆ. ಮುಟ್ಟಿತ್ತು.